ಹೊಸ ಹಾಡು ಎಷ್ಟನೇ ಸ್ಥಾನಕ್ಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬ್ರಿಟನ್ನಿನ ಸಿಂಗಲ್ಸ್ ಚಾರ್ಟ್‌ಗೆ (ಬಿಡಿ ಹಾಡುಗಳ ವಾರದ ಜನಪ್ರಿಯತೆಯ ಪಟ್ಟಿ) ಹೊಸ ಹಾಡು ಎಷ್ಟನೇ ಸ್ಥಾನದಲ್ಲಿ ಬರುತ್ತದೆ ಎಂದು ಗೆಳೆಯರೆಲ್ಲ ಪ್ರತಿ ವಾರ ಊಹಿಸುತ್ತೇವೆ. ಹಾಡು ಚೆನ್ನಾಗಿದೆ ಅಂದುಕೊಂಡಿದ್ದೇ ಎಷ್ಟೋ ಸಲ ಕೆಳಗೆ ಉಳಿಯುತ್ತದೆ. ಲೆಕ್ಕ ಹಾಕುವುದು ಹೇಗೆ? (ಮೈಸೂರು)

ಉತ್ತರ: ಹಾಡು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಮೊದಲ ವಾರದ ಮಟ್ಟಿಗೆ ಬದಿಗಿಡಿ. ಆ ವಾರದ ಸ್ಥಾನವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಗಾಯಕರಿಗೆ ಆಗಲೇ ಇರುವ ಅಭಿಮಾನಿ ಬಳಗ. ಹಾಡಿನ ಸತ್ವ ಗೊತ್ತಾಗುವುದು ಎರಡನೇ ವಾರದಿಂದ.

ಮೊದಲು ನಿಯಮ ತಿಳಿದಿರಲಿ. ವಾರ ಅಂದರೆ ಶುಕ್ರವಾರದಿಂದ ಗುರುವಾರದವರೆಗೆ. ಆನ್‌ಲೈನ್‌ನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್. ಒಬ್ಬರೇ ದಿನವಿಡೀ ತಿರುಗಿಸಿ ಮುರುಗಿಸಿ ಕೇಳಿದರೂ 10ಕ್ಕಿಂತ ಹೆಚ್ಚು ಲೆಕ್ಕಕ್ಕಿಲ್ಲ. 2018ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ದುಡ್ಡು ಕೊಟ್ಟ ಚಂದಾದಾರರ 100 ಸ್ಟ್ರೀಮ್ ಒಂದು ಮಾರಾಟಕ್ಕೆ ಸಮ. ಜಾಹೀರಾತಿನ ಜೊತೆ ಪುಕ್ಕಟೆ ಕೇಳಿದ್ದಾದರೆ 600 ಬೇಕು. ಡೌನ್‌ಲೋಡ್, ಸಿಡಿ, ವಿನೈಲ್ ಒಂದಕ್ಕೆ ಒಂದು.

ಒಟ್ಟು ಮಾರಾಟದ ಅಂಕಿ ಎಲ್ಲ ಹಾಡಿಗೂ ಹೊರಗೆ ಸಿಗುವುದಿಲ್ಲ. ಆದರೆ ಆನ್‌ಲೈನ್‌ನಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಬ್ರಿಟನ್ನಿನ ಮೊದಲ 200 ಹಾಡುಗಳ ದಿನವಾರು ಅಂಕಿಯನ್ನು ಬಹಿರಂಗವಾಗಿಯೇ ಕೊಡುತ್ತದೆ. ಕಳೆದ ವಾರದ ಅಧಿಕೃತ ಚಾರ್ಟ್‌ನಲ್ಲಿ 5, 10, 20, 40ನೇ ಸ್ಥಾನದಲ್ಲಿದ್ದ ಹಾಡುಗಳನ್ನು ಸ್ಪಾಟಿಫೈನಲ್ಲಿ ಆ ಏಳು ದಿನ ಎಷ್ಟು ಸಲ ಕೇಳಿದ್ದಾರೆ ಎಂದು ಕೂಡಿ ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಅಳತೆಗೋಲು. ಆಮೇಲೆ ಅದೇ ಗಾಯಕರ ಹಿಂದಿನ ಸಿಂಗಲ್ ತೆಗೆದುಕೊಂಡು, ವಾರದ ಮೊತ್ತವನ್ನು ಅದರ ಮೊದಲ ಶುಕ್ರವಾರದ ಅಂಕಿಯಿಂದ ಭಾಗಿಸಿ.

ಉದಾಹರಣೆಗೆ, ಹಿಂದಿನ ಹಾಡಿಗೆ ಶುಕ್ರವಾರ 2,00,000, ವಾರಕ್ಕೆ 10,00,000 ಬಂದಿತ್ತು ಅನ್ನಿ. ಗುಣಕ 5. ಹೊಸ ಹಾಡಿಗೆ ಶುಕ್ರವಾರ 2,40,000 ಬಂದಿದ್ದರೆ ವಾರಕ್ಕೆ 12,00,000 ಆಗಬಹುದು. ನಿಮ್ಮ ಅಳತೆಗೋಲಿನಲ್ಲಿ 5ನೇ ಸ್ಥಾನಕ್ಕೆ 14 ಲಕ್ಷ, 10ನೇ ಸ್ಥಾನಕ್ಕೆ 11 ಲಕ್ಷ ಇದ್ದರೆ ಇದು 6ರಿಂದ 9ರ ನಡುವೆ ನಿಲ್ಲಬೇಕು.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಎಡವುತ್ತಾರೆ. ಶುಕ್ರವಾರ ಮುಗಿಬಿದ್ದು ಕೇಳುವವರು ಅಭಿಮಾನಿಗಳು. ಭಾನುವಾರ ಸಾಮಾನ್ಯವಾಗಿ ಎಲ್ಲ ಹಾಡುಗಳೂ ಇಳಿಯುವುದರಿಂದ ಆ ದಿನದ ಅಂಕಿ ನೋಡಿ ಗಾಬರಿಯಾಗಬೇಡಿ. ನೋಡಬೇಕಾದ್ದು ಸೋಮವಾರದ್ದು, ಅದು ಮಂಗಳವಾರ ಸಿಗುತ್ತದೆ. ಹಿಂದಿನ ಹಾಡು ಸೋಮವಾರ ಶುಕ್ರವಾರದ ಶೇ. 70ರಷ್ಟನ್ನು ಉಳಿಸಿಕೊಂಡಿತ್ತು, ಇದು ಶೇ. 55ಕ್ಕೆ ಕುಸಿದಿದೆ ಅಂದರೆ ಗುಣಕವನ್ನು 4.3ರ ಆಸುಪಾಸಿಗೆ ತನ್ನಿ. ಮೊತ್ತ 10,32,000 ಆಗುತ್ತದೆ, ಹಾಡು ಮೊದಲ ಹತ್ತರಿಂದ ಆಚೆ ಬೀಳುತ್ತದೆ. ಆ ವಾರ ಸಹಿ ಹಾಕಿದ ಸಿಡಿ ಅಥವಾ ವಿನೈಲ್ ಮಾರಾಟ ಇದೆಯೇ ಎಂದು ಗಾಯಕರ ಅಂಗಡಿ ಪುಟದಲ್ಲಿ ನೋಡಿಕೊಳ್ಳಿ. 2,000 ಸಿಡಿ ಅಂದರೆ 2 ಲಕ್ಷ ಚಂದಾ ಸ್ಟ್ರೀಮ್‌ಗೆ ಸಮ. ಅಷ್ಟರಲ್ಲೇ ಹಾಡು ಮತ್ತೆ ಹತ್ತರೊಳಗೆ ಬಂದುಬಿಡಬಹುದು.

ಪ್ರಶ್ನೆ: ಇಲ್ಲಿ ಎಲ್ಲಿ ಹೋದರೂ ಕೇಳಿಬರುತ್ತಿದ್ದ ಹಾಡೊಂದು ಮೂರನೇ ಸ್ಥಾನದಿಂದ ಒಂದೇ ವಾರದಲ್ಲಿ ಹದಿನೈದರ ಹತ್ತಿರ ಜಾರಿತು. ಕೇಳುವವರು ಅಷ್ಟೊಂದು ಕಡಿಮೆಯಾದರೇ? (ಲೆಸ್ಟರ್, ಇಂಗ್ಲೆಂಡ್)

ಉತ್ತರ: ಕೇಳುವವರು ಸ್ವಲ್ಪ ಕಡಿಮೆಯಾಗಿರುತ್ತಾರೆ, ಅಷ್ಟೇ. ಬದಲಾದದ್ದು ಲೆಕ್ಕದ ರೀತಿ. ಎರಡು ತಿಂಗಳಿಗೂ ಹೆಚ್ಚು ಕಾಲ ಚಾರ್ಟ್‌ನಲ್ಲಿದ್ದ ಹಾಡಿನ ಒಟ್ಟು ಲೆಕ್ಕ ಸತತ ಮೂರು ವಾರ ಇಳಿದರೆ ಅದರ ಸ್ಟ್ರೀಮ್‌ಗಳ ತೂಕವನ್ನು ಅರ್ಧಕ್ಕೆ ತರುತ್ತಾರೆ: 100ರ ಬದಲು 200, 600ರ ಬದಲು 1,200 ಸ್ಟ್ರೀಮ್ ಬೇಕು. 30 ಲಕ್ಷ ಚಂದಾ ಸ್ಟ್ರೀಮ್, 6 ಲಕ್ಷ ಪುಕ್ಕಟೆ ಸ್ಟ್ರೀಮ್, 1,500 ಡೌನ್‌ಲೋಡ್ ಇರುವ ಹಾಡು ಮೊದಲಾದರೆ 32,500 ಮಾರಾಟ. ನಿಯಮ ತಾಗಿದ ವಾರ ಅದೇ ಕೇಳುಗರಿಗೆ 17,000. ಊಹಿಸುವವರಿಗೆ ಇದು ತುಂಬ ಉಪಯೋಗದ ಸಂಗತಿ. ಎರಡು ವಾರ ಇಳಿದ ಹಳೆಯ ಹಾಡುಗಳನ್ನು ಗುರುತು ಹಾಕಿಡಿ. ಮೂರನೆಯ ಇಳಿಕೆ ಆದೊಡನೆ ಮೇಲೆ ಜಾಗ ಖಾಲಿಯಾಗುತ್ತದೆ. ಮೈಸೂರಿನವರಿಗೆ ಹೇಳಿದ ಅಳತೆಗೋಲಿಗೂ ಇಂಥ ಹಾಡುಗಳನ್ನು ಸೇರಿಸಬೇಡಿ, ಲೆಕ್ಕ ಕೆಡುತ್ತದೆ.

ಮೂರು ವರ್ಷ ದಾಟಿದ ಹಾಡುಗಳಿಗೂ ಈ ಅರ್ಧ ತೂಕವೇ. 2022ರಲ್ಲಿ ಒಂದು ನೆಟ್‌ಫ್ಲಿಕ್ಸ್ ಸರಣಿಯಿಂದಾಗಿ ಕೇಟ್ ಬುಷ್ ಅವರ 1985ರ ಹಾಡನ್ನು ಜನ ಮತ್ತೆ ಮುಗಿಬಿದ್ದು ಕೇಳಿದಾಗ ಅದಕ್ಕೆ ವಿನಾಯಿತಿ ಕೊಟ್ಟು ಪೂರ್ತಿ ತೂಕ ಮರಳಿಸಿದರು. ಜೂನ್‌ನಲ್ಲಿ ಅದು ಒಂದನೇ ಸ್ಥಾನಕ್ಕೇರಿತು. ಆ ವಿನಾಯಿತಿ ನ್ಯಾಯವಾದದ್ದೇ.

ಪ್ರಶ್ನೆ: ಒಂದೇ ಹಾಡು ಬ್ರಿಟನ್ನಿನಲ್ಲಿ ಇಳಿಯುತ್ತಿರುವಾಗ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಏರುವುದು ಹೇಗೆ? (ಶಿವಮೊಗ್ಗ)

ಉತ್ತರ: ರೇಡಿಯೊ. ಬ್ರಿಟನ್ನಿನ ಚಾರ್ಟ್‌ಗೆ ರೇಡಿಯೊ ಪ್ರಸಾರ ಲೆಕ್ಕಕ್ಕಿಲ್ಲ; ಹಾಟ್ 100ರಲ್ಲಿ ಸ್ಟ್ರೀಮಿಂಗ್, ಮಾರಾಟದ ಜೊತೆ ಅದೂ ಸೇರುತ್ತದೆ. ರೇಡಿಯೊ ಕೇಂದ್ರಗಳು ನಿಧಾನ. ಹಾಡು ಬಂದು ಒಂದೆರಡು ತಿಂಗಳಾದ ಮೇಲೆ, ಸ್ಟ್ರೀಮಿಂಗ್ ತಗ್ಗುತ್ತಿರುವಾಗ ಅಲ್ಲಿ ಹಾಡು ಮೇಲೇರುತ್ತಿರುತ್ತದೆ. ಹಾಗಾಗಿ ಅಮೆರಿಕದ ಚಾರ್ಟ್ ಊಹಿಸುವಾಗ ಮೊದಲ ವಾರಕ್ಕೆ ಸ್ಟ್ರೀಮಿಂಗ್ ಮತ್ತು ಮಾರಾಟ ನೋಡಿ, ಆರನೇ ವಾರದಿಂದ ರೇಡಿಯೊ ನೋಡಿ. ಮುಂಗಡ ಕಾಯ್ದಿರಿಸಿದ ಸಿಡಿಗಳ ವಿಷಯದಲ್ಲಿ ಎಚ್ಚರ: 2020ರ ನಿಯಮದಂತೆ ಅವು ಲೆಕ್ಕಕ್ಕೆ ಬರುವುದು ಗಿರಾಕಿಗೆ ರವಾನೆಯಾದ ವಾರ, ಹಣ ಕಟ್ಟಿದ ವಾರವಲ್ಲ. 20 ವಾರ ಕಳೆದ ಹಾಡು 50ಕ್ಕಿಂತ ಕೆಳಗಿಳಿದರೆ ಪಟ್ಟಿಯಿಂದಲೇ ತೆಗೆಯುತ್ತಾರೆ.

ಪ್ರಶ್ನೆ: ಆಲ್ಬಂ ಬಿಡುಗಡೆಯಾದ ವಾರ ಅದರ ಎಲ್ಲ ಹಾಡೂ ಚಾರ್ಟ್‌ಗೆ ಬರುತ್ತವೆಯೇ? (ದಾವಣಗೆರೆ)

ಉತ್ತರ: ಬ್ರಿಟನ್ನಿನಲ್ಲಿ ಇಲ್ಲ. 2017ರ ಮಾರ್ಚ್‌ನಲ್ಲಿ ಎಡ್ ಶೀರನ್ ಅವರ 16 ಹಾಡುಗಳು ಒಟ್ಟಿಗೆ ಮೊದಲ 20ರಲ್ಲಿ ಕೂತವು. ಅದೇ ಜುಲೈನಿಂದ ಮುಖ್ಯ ಗಾಯಕರೊಬ್ಬರಿಗೆ ಮೂರೇ ಹಾಡು ಎಂಬ ಮಿತಿ ಬಂತು. ಹೆಚ್ಚು ಕೇಳಿದ ಮೂರನ್ನು ಆರಿಸಿ, ಉಳಿದವನ್ನು ನಿಮ್ಮ ಪಟ್ಟಿಯಿಂದ ಹೊಡೆದುಹಾಕಿ. ಅಮೆರಿಕದಲ್ಲಿ ಇಂಥ ಮಿತಿ ಇಲ್ಲ.

ಪ್ರಶ್ನೆ: ಬ್ರಿಟನ್ನಿನ ಫಲಿತಾಂಶ ನಮ್ಮಲ್ಲಿ ಎಷ್ಟು ಗಂಟೆಗೆ ಗೊತ್ತಾಗುತ್ತದೆ? (ಉಡುಪಿ)

ಉತ್ತರ: ಬಿಬಿಸಿ ರೇಡಿಯೊ 1ರ ಕಾರ್ಯಕ್ರಮ ಶುಕ್ರವಾರ ಅಲ್ಲಿನ ಸಂಜೆ 4ಕ್ಕೆ. ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ 8.30, ಚಳಿಗಾಲದಲ್ಲಿ 9.30.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಕೋಟಿ ವೀಕ್ಷಣೆ ಕಂಡ ಕನ್ನಡ ಸಿನಿಮಾ ಹಾಡುಗಳಿಗೂ ಈ ಲೆಕ್ಕ ಹೊಂದುತ್ತದೆಯೇ? (ಹುಬ್ಬಳ್ಳಿ)

ಉತ್ತರ: ವೀಕ್ಷಣೆಯ ಅಂಕಿಯನ್ನೇ ನಂಬಿದರೆ ಹೊಂದುವುದಿಲ್ಲ. ಜಾಹೀರಾತಾಗಿ ತೋರಿಸಿದ ವೀಕ್ಷಣೆಗಳೂ ಅದರಲ್ಲಿ ಸೇರಿರಬಹುದು. 2019ರ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಮ್ಯೂಸಿಕ್ ಚಾರ್ಟ್‌ಗೂ 24 ಗಂಟೆಯ ದಾಖಲೆಗಳಿಗೂ ಇಂಥ ವೀಕ್ಷಣೆಗಳನ್ನು ಎಣಿಸುವುದನ್ನು ಬಿಟ್ಟಿತು. ಆದ್ದರಿಂದ ವಿಡಿಯೊ ಕೆಳಗಿನ ಅಂಕಿ ಬಿಟ್ಟು ಯೂಟ್ಯೂಬ್‌ನ ವಾರದ ಭಾರತ ಚಾರ್ಟ್ ಹಿಡಿದು ನೋಡಿ. ಅಲ್ಲೂ ವಾರ ಶುಕ್ರವಾರದಿಂದ ಗುರುವಾರದವರೆಗೇ. ಬುಧವಾರ ಬಿಟ್ಟ ಹಾಡಿಗೆ ಮೊದಲ ಚಾರ್ಟ್‌ನಲ್ಲಿ ಎರಡೇ ದಿನದ ಲೆಕ್ಕ ಸಿಗುತ್ತದೆ; ಅದರ ನಿಜವಾದ ಬಲ ಅಳೆಯಲು ಮುಂದಿನ ವಾರದ ಚಾರ್ಟ್‌ಗೆ ಕಾಯಿರಿ.