ಅಗ್ಗದ ಮಾತ್ರೆಗೆ ವಕೀಲರಿಲ್ಲ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಉಳಿದ ಓದುಗರಿಗಾಗಿ ಅದರಲ್ಲಿ ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ತಿಪಟೂರಿನ ಈ ನಿವೃತ್ತ ಹೈಸ್ಕೂಲ್ ಮೇಷ್ಟ್ರ ತಂಗಿಗೆ ಶ್ವಾಸಕೋಶದ ಕ್ಯಾನ್ಸರ್. ಆಕೆ ಬೀಡಿ, ಸಿಗರೇಟಿನ ಹತ್ತಿರಕ್ಕೂ ಹೋದವರಲ್ಲ. ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿದಾಗ ಇಜಿಎಫ್‌ಆರ್ ಎಂಬ ಜೀನ್ ಕೆಟ್ಟಿರುವುದು ಗೊತ್ತಾಗಿದೆ. ಡಾಕ್ಟರು ಎರಡು ಮಾತ್ರೆಗಳ ಹೆಸರು ಹೇಳಿದ್ದಾರೆ. ಗೆಫಿಟಿನಿಬ್ ಆದರೆ ತಿಂಗಳಿಗೆ ಕೆಲವು ಸಾವಿರ. ಒಸಿಮರ್ಟಿನಿಬ್ ಆದರೆ ಲಕ್ಷ ದಾಟುತ್ತದೆ. "ಅಗ್ಗದ್ದು ಕೊಡಿಸಿದರೆ ತಂಗಿಗೆ ಮೋಸ ಮಾಡಿದ ಹಾಗಾಗುತ್ತದೆಯೇ?" ಎಂದು ಮೇಷ್ಟ್ರು ಕೇಳಿದ್ದಾರೆ. ಇದರ ಮಧ್ಯೆ ಬೆಂಗಳೂರಿನ ಮಗ ಫೋನ್ ಮಾಡಿ, ಮುಂದಿನ ಕಾಲವೆಲ್ಲ ಕ್ಯಾನ್ಸರ್ ಔಷಧ ಕಂಪನಿಗಳದ್ದೇ, ಷೇರು ತಗೊಳ್ಳೋಣ ಅಂದನಂತೆ. "ನಗಬೇಕೋ ಅಳಬೇಕೋ ತಿಳಿಯಲಿಲ್ಲ" ಎಂದು ಬರೆದಿದ್ದಾರೆ. ಕೊನೆಗೆ ನಮಗೂ ಒಂದು ಗದರಿಕೆ: ಹೋದ ಸಂಚಿಕೆಯಲ್ಲಿ ಹೊಸ ಔಷಧಗಳನ್ನು ಹೊಗಳಿದಿರಿ, ಬೆಲೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಗದರಿಕೆ ಒಪ್ಪಿದೆ. ತಪ್ಪು ನಮ್ಮದೇ.

ನಾನು ಡಾಕ್ಟರಲ್ಲ. ಯಾವ ಮಾತ್ರೆ ಕೊಡಬೇಕು ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ಡಾಕ್ಟರ ಮುಂದೆ ಕೂತಾಗ ಏನು ಕೇಳಬಹುದು ಅನ್ನುವುದಕ್ಕೆ ಒಂದಿಷ್ಟು ವಿಷಯ ಒಟ್ಟು ಮಾಡಿದ್ದೇನೆ.

ನಿಮ್ಮ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಆನ್‌ನಲ್ಲೇ ಕಚ್ಚಿಕೊಂಡರೆ ಏನಾಗುತ್ತದೆ? ಬೇಡ ಅಂದರೂ ನೀರು ಹರಿಯುತ್ತಲೇ ಇರುತ್ತದೆ. ಇಜಿಎಫ್‌ಆರ್ ಕೆಟ್ಟಾಗ ಆಗುವುದೂ ಅದೇ. ಜೀವಕೋಶಕ್ಕೆ 'ಬೆಳೆ, ಬೆಳೆ' ಎಂಬ ಅಪ್ಪಣೆ ನಿಲ್ಲುವುದೇ ಇಲ್ಲ. ಏಷ್ಯಾದವರಲ್ಲಿ ಈ ತೊಂದರೆ ಜಾಸ್ತಿ, ಧೂಮಪಾನ ಮಾಡದ ಹೆಂಗಸರಲ್ಲಿ ಇನ್ನೂ ಜಾಸ್ತಿ. ಹಳೆಯ ಕೀಮೋ ಇಡೀ ಊರಿನ ಕರೆಂಟು ತೆಗೆದ ಹಾಗೆ. ಈ ಮಾತ್ರೆಗಳು ಆ ಒಂದು ಸ್ಟಾರ್ಟರಿಗೇ ಕೈ ಹಾಕುತ್ತವೆ. ಹಾಗಂತ ಅಡ್ಡಪರಿಣಾಮವೇ ಇಲ್ಲ ಅಂತ ನಿಮಗೆ ಯಾರೋ ಹೇಳಿದ್ದಾರಲ್ಲ, ಅದನ್ನು ನಂಬಬೇಡಿ. ಮೈಮೇಲೆ ಗುಳ್ಳೆ ಏಳುವುದು, ಭೇದಿ, ಉಗುರಿನ ಸುತ್ತ ಕೀವು, ಇವೆಲ್ಲ ಬರುತ್ತವೆ. ಇನ್ನೊಂದು ಮಾತು. ಸ್ವಲ್ಪ ಕಾಲದ ನಂತರ ಕ್ಯಾನ್ಸರು ಈ ಮಾತ್ರೆಗೂ ಬಗ್ಗದೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಗೆಫಿಟಿನಿಬ್ ತೆಗೆದುಕೊಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಟಿ790ಎಂ ಎಂಬ ಇನ್ನೊಂದು ಬದಲಾವಣೆ ಸೇರಿಕೊಳ್ಳುತ್ತದೆ. ಒಸಿಮರ್ಟಿನಿಬ್‌ಗೆ ಅಮೆರಿಕದಲ್ಲಿ 2015ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದೇ ಅಂಥವರಿಗಾಗಿ. ಶುರುವಿನಿಂದಲೇ ಕೊಡಬಹುದು ಅಂತಾಗಿದ್ದು 2018ರಲ್ಲಿ.

ಶುರುವಿನಿಂದ ಕೊಟ್ಟರೆ ಏನು ಲಾಭ? ಒಸಿಮರ್ಟಿನಿಬ್ ಮಾಡುವ ಕಂಪನಿಯೇ ನಡೆಸಿದ ಫ್ಲಾರಾ ಎಂಬ ದೊಡ್ಡ ಪರೀಕ್ಷೆಯಲ್ಲಿ, ಹಳೆಯ ಮಾತ್ರೆ ನುಂಗಿದವರಲ್ಲಿ ಕಾಯಿಲೆ ಮತ್ತೆ ಬೆಳೆಯಲು ನಡುಮಟ್ಟದ ಲೆಕ್ಕದಲ್ಲಿ (ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ, ಅರ್ಧ ಜನಕ್ಕೆ ಹೆಚ್ಚು) 10.2 ತಿಂಗಳು ಹಿಡಿಯಿತು. ಹೊಸದರಲ್ಲಿ 18.9 ತಿಂಗಳು. ಬದುಕಿದ ಅವಧಿ 31.8ರಿಂದ 38.6 ತಿಂಗಳಿಗೆ ಏರಿತು. ಏಳು ತಿಂಗಳು ಸಣ್ಣದಲ್ಲ. ಮಗಳ ಮದುವೆ ನೋಡಬಹುದಾದಷ್ಟು ಕಾಲ ಅದು. ಆದ್ದರಿಂದ ಹೊಸ ಮಾತ್ರೆ ಬರೀ ಬೂಟಾಟಿಕೆ ಅಂತ ನಾನು ಹೇಳಲಾರೆ.

ಹಾಗಾದರೆ ಬೆಲೆ? ಮಾತ್ರೆಯೊಳಗಿನ ಸರಕಿಗೆ ಆಗುವ ಖರ್ಚು ಅದಲ್ಲ, ಬೇರೆಯವರು ಮಾಡದ ಹಾಗೆ ಹಾಕಿದ ಪೇಟೆಂಟಿನ ಬೀಗಕ್ಕೆ ಕೊಡುವ ದುಡ್ಡು ಅದು. ಆ ಬೀಗದ ಕಥೆ ನಮ್ಮ ದೇಶದವರಿಗೆ ಚೆನ್ನಾಗಿ ಗೊತ್ತು. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ನಮ್ಮ ಕಂಪನಿಗಳು ಮಾಡಿದ್ದಕ್ಕೆ ಸುಮಾರು 10 ಸಾವಿರ. ಚಿಕಿತ್ಸೆಯ ಗುಣ ಹೆಚ್ಚಿಸದ, ಹಳೆಯ ವಸ್ತುವಿನ ಬರೀ ಹೊಸ ರೂಪಕ್ಕೆ ಪೇಟೆಂಟ್ ಕೊಡಲಾಗದು ಎಂದು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ನೊವಾರ್ಟಿಸ್‌ಗೆ ಹೇಳಿತು. ಅದಕ್ಕೂ ಒಂದು ವರ್ಷ ಮುಂಚೆ, ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಮೂತ್ರಪಿಂಡ, ಯಕೃತ್ತಿನ ಕ್ಯಾನ್ಸರಿನ ಮಾತ್ರೆಯನ್ನು ಬೇಯರ್‌ನ ಒಪ್ಪಿಗೆ ಇಲ್ಲದೆಯೂ ಹೈದರಾಬಾದಿನ ನ್ಯಾಟ್ಕೊ ಮಾಡಿ ಮಾರಬಹುದು ಎಂದು ಪೇಟೆಂಟ್ ಕಚೇರಿ ಕಡ್ಡಾಯ ಲೈಸೆನ್ಸ್ ಕೊಟ್ಟಿತ್ತು. ಆಗ ತಿಂಗಳ ಬೆಲೆ 2,80,428 ರೂಪಾಯಿಯಿಂದ 8,880 ರೂಪಾಯಿಗೆ ಇಳಿಯಿತು. ಅಂಕಿಗಳನ್ನು ಇನ್ನೊಮ್ಮೆ ಓದಿ, ಅಚ್ಚಿನ ತಪ್ಪಲ್ಲ. ಇನ್ನು 2024ರ ಬಜೆಟ್ಟಿನಲ್ಲಿ ಒಸಿಮರ್ಟಿನಿಬ್ ಸೇರಿ ಮೂರು ಕ್ಯಾನ್ಸರ್ ಔಷಧಗಳಿಗೆ ಆಮದು ಸುಂಕ ತೆಗೆದರು. ಒಳ್ಳೆಯದೇ. ಆದರೆ ಬೀಗ ಹಾಗೇ ಇರುವಾಗ ಸುಂಕ ತೆಗೆದರೆ ಇಳಿಯುವುದು ಸ್ವಲ್ಪವೇ.

ಈಗ ನಿಮ್ಮ 'ಮೋಸ' ಎಂಬ ಮಾತಿಗೆ ಬರುತ್ತೇನೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾಕ್ಟರುಗಳು ಒಂದು ಪ್ರಶ್ನೆ ಹಾಕಿಕೊಂಡರು. ದುಬಾರಿ ಮಾತ್ರೆ ನಮ್ಮ ಹೆಚ್ಚಿನ ರೋಗಿಗಳ ಕೈಗೆ ಎಟುಕುವುದಿಲ್ಲ. ಅಗ್ಗದ ಗೆಫಿಟಿನಿಬ್ ಜೊತೆಗೆ ಹಳೆಯ ಕೀಮೋ ಸೇರಿಸಿದರೆ ಹೇಗೆ? 350 ರೋಗಿಗಳಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಬರೀ ಗೆಫಿಟಿನಿಬ್‌ನಲ್ಲಿ ಕಾಯಿಲೆ 8 ತಿಂಗಳು ತಡೆದಿದ್ದರೆ, ಜೋಡಿಯಲ್ಲಿ 16 ತಿಂಗಳು ತಡೆಯಿತು. ಜಪಾನಿನಲ್ಲೂ ಇದೇ ಜೋಡಿಯನ್ನು ಪರೀಕ್ಷಿಸಿದ್ದರು, ಅಲ್ಲೂ ಲಾಭ ಕಂಡಿತು. ಒಂದು ಪರೀಕ್ಷೆಯ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ತೂಗಬಾರದು ಅನ್ನುತ್ತಾರೆ, ಸರಿಯೇ. ಆದರೂ ಕಣ್ಣು ದುಬಾರಿ ಮಾತ್ರೆಯ ಆ 18.9ರತ್ತ ಹೋಗದೆ ಇರುತ್ತದೆಯೇ?

ಇದಕ್ಕೂ ಬೆಲೆ ತೆರಬೇಕು, ದುಡ್ಡಿನಲ್ಲಲ್ಲ. ಜೋಡಿ ಔಷಧ ಪಡೆದವರಲ್ಲಿ 100ಕ್ಕೆ 51 ಜನರಿಗೆ ತೀವ್ರ ಅಡ್ಡಪರಿಣಾಮ ಆಯಿತು, ಬರೀ ಮಾತ್ರೆಯವರಲ್ಲಿ 25 ಜನರಿಗೆ. ನಿಮ್ಮ ತಂಗಿಯ ಶಕ್ತಿ ಅದನ್ನು ತಾಳುತ್ತದೆಯೇ ಅಂತ ನೋಡಬೇಕಾದವರು ಡಾಕ್ಟರೇ. ಇನ್ನೊಂದನ್ನೂ ಮುಚ್ಚಿಡಬಾರದು. ದುಬಾರಿ ಮಾತ್ರೆಗೂ ಕೀಮೋ ಸೇರಿಸಿ 2023ರಲ್ಲಿ ಫಲಿತಾಂಶ ಕೊಟ್ಟರು. ಕಾಯಿಲೆ ತಡೆದ ಅವಧಿ 16.7ರಿಂದ 25.5 ತಿಂಗಳಿಗೆ ಹೋಯಿತು. ದುಡ್ಡಿದ್ದವರು ಮತ್ತೆ ಮುಂದೆ.

ನನ್ನನ್ನು ಕಾಡುವುದು ಬೇರೆ. ಪೇಟೆಂಟ್ ಇಲ್ಲದ ಮಾತ್ರೆಯನ್ನು ಜಾಣತನದಿಂದ ಬಳಸುವುದು ಹೇಗೆ ಎಂಬ ಪ್ರಶ್ನೆಗೆ ಕೋಟಿಗಟ್ಟಲೆ ಸುರಿಯಲು ಯಾವ ಕಂಪನಿಗೆ ತಾನೆ ಮನಸ್ಸು ಬಂದೀತು? ಲಾಭ ಪಕ್ಕದ ಕಂಪನಿಗೂ ಹೋಗುತ್ತದಲ್ಲ! ಅದೇ ಟಾಟಾ ಆಸ್ಪತ್ರೆಯವರು ಬಾಯಿ, ಗಂಟಲಿನ ಕ್ಯಾನ್ಸರ್ ಮುಂದುವರಿದವರಿಗೆ ನಿವೊಲುಮಾಬ್ ಎಂಬ ಭಾರಿ ದುಬಾರಿ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ) ಔಷಧವನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮಾಮೂಲಿ ಡೋಸಿನ ಹತ್ತನೇ ಒಂದು ಭಾಗವೂ ಅಲ್ಲ. ಅಗ್ಗದ ಮಾತ್ರೆಗಳ ಚಿಕಿತ್ಸೆಗೆ ಈ ಚೂರು ಸೇರಿದ ಮೇಲೆ, ಒಂದು ವರ್ಷ ದಾಟಿ ಬದುಕಿದವರು ಶೇ 16.3ರಿಂದ ಶೇ 43.4ಕ್ಕೆ ಏರಿದರು. ಕಡಿಮೆ ಮಾರುವುದು ಹೇಗೆ ಅಂತ ಮಾರುವವನು ಯಾಕೆ ಹುಡುಕುತ್ತಾನೆ? ಅದನ್ನು ಹುಡುಕಬೇಕಾದವು ಇಂಥ ಸಾರ್ವಜನಿಕ ಆಸ್ಪತ್ರೆಗಳೇ. ನಮ್ಮ ಹೊಗಳಿಕೆಯ ಲೇಖನದಲ್ಲಿ ಜಾಗ ಸಿಗಬೇಕಿದ್ದುದು ಇವರಿಗೆ.

ಇನ್ನು ಮಗರಾಯರ ಷೇರು. ಸಲಹೆ ಕೊಡುವುದಿಲ್ಲ, ನನ್ನ ಕೈಲಿ ಷೇರು ಉಳಿದದ್ದೂ ಇಲ್ಲ. ಒಂದು ಲೆಕ್ಕ ಮಾತ್ರ ಹೇಳುತ್ತೇನೆ. ಅಮೆರಿಕದ ಮರ್ಕ್ ಕಂಪನಿ 2024ರಲ್ಲಿ ಕೀಟ್ರೂಡಾ ಎಂಬ ಒಂದೇ ಕ್ಯಾನ್ಸರ್ ಔಷಧವನ್ನು ಸುಮಾರು 2,950 ಕೋಟಿ ಡಾಲರಿನಷ್ಟು ಮಾರಿತು. ಇಡೀ ಕಂಪನಿಯ ವಹಿವಾಟಿನಲ್ಲಿ ಅದು ಹತ್ತಿರ ಹತ್ತಿರ ಅರ್ಧ. ಅದರ ಮುಖ್ಯ ಪೇಟೆಂಟು ಅಲ್ಲಿ 2028ರ ಹೊತ್ತಿಗೆ ಮುಗಿಯುತ್ತದೆ. ಮನೆ ದೊಡ್ಡದು, ಕಂಬ ಒಂದೇ. ಇಂಥ ಬೀಗ ಕಳಚಿದಾಗ ಒಳಗೆ ಬರಲು ನಮ್ಮವರೂ ಕಾಯುತ್ತಿರುತ್ತಾರೆ. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್‌ಗೆ ಬೆಂಗಳೂರಿನ ಬಯೋಕಾನ್ ತನ್ನ ಪರ್ಯಾಯವನ್ನು 2014ರಲ್ಲೇ ಇಲ್ಲಿ ಮಾರುಕಟ್ಟೆಗೆ ತಂದಿತ್ತು. ಇದು ಜೀವಕೋಶಗಳಲ್ಲಿ ಬೆಳೆಸುವ ಔಷಧ. ಮಾತ್ರೆಯಷ್ಟು ಸಲೀಸಾಗಿ ಮಾಡಲು ಬರುವುದಿಲ್ಲ, ಹಾಗಾಗಿ ಬೆಲೆಯೂ ಅಷ್ಟು ಧಡಕ್ಕನೆ ಬೀಳುವುದಿಲ್ಲ.

ನನಗೊಂದು ಅಂಜಿಕೆಯೂ ಇದೆ. ಮೊದಲು ಶ್ವಾಸಕೋಶದ ಕ್ಯಾನ್ಸರ್ ಅಂದರೆ ಎರಡು ಮುಖ್ಯ ಬಗೆ. ಈಗ ಇಜಿಎಫ್‌ಆರ್, ಎಎಲ್‌ಕೆ, ರಾಸ್1, ರೆಟ್, ಕೆರಾಸ್ ಅಂತ ಕೆಟ್ಟ ಜೀನಿನ ಹೆಸರಲ್ಲಿ ಹೋಳಾಗುತ್ತಲೇ ಇದೆ. ಒಂದೊಂದು ಹೋಳಿಗೆ ಒಂದೊಂದು ಔಷಧ, ಕೆಲವಕ್ಕಂತೂ ಬೆರಳೆಣಿಕೆಯ ರೋಗಿಗಳು. ಅಂಥ ಔಷಧದ ಬೀಗ ತೆರೆದ ದಿನ ಅಗ್ಗಕ್ಕೆ ಮಾಡಿಕೊಡಲು ಹತ್ತು ಕಂಪನಿ ಬರುತ್ತವೆಯೇ? ಬರಲಿಕ್ಕಿಲ್ಲ ಅನ್ನುವುದು ನನ್ನ ಅಂದಾಜು. ತಪ್ಪಾದರೆ ಸಂತೋಷವೇ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಗೆಫಿಟಿನಿಬ್ ಜೊತೆ ಕೀಮೋ ಆಗುತ್ತದೆಯೇ ಅಂತ ಸಂಕೋಚವಿಲ್ಲದೆ ಕೇಳಿ. ಅಗ್ಗದ್ದರಿಂದ ಶುರು ಮಾಡಿದರೆ, ಅದು ಕೈಕೊಟ್ಟಾಗ ಟಿ790ಎಂ ಪರೀಕ್ಷೆ ಮಾಡಿಸಿ ದುಬಾರಿಯದಕ್ಕೆ ಹೋಗಬಹುದೇ ಅಂತಲೂ ಕೇಳಿ. ಕಂಪನಿಯ ನೆರವಿನ ಯೋಜನೆ ಇದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ವಿಚಾರಿಸಿ. ನೀವು ಪತ್ರದ ಜೊತೆ ಇಟ್ಟಿದ್ದ ರಿಪೋರ್ಟನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಮೂಲ ಪ್ರತಿಯನ್ನೇ ಕಳಿಸಿಬಿಟ್ಟಿದ್ದೀರಿ, ಮೇಷ್ಟ್ರೇ. ಎರಡನೇ ಪುಟದಲ್ಲಿ 'ಎಕ್ಸಾನ್ 19' ಅಂತ, ಅಂದರೆ ಜೀನಿನ ಯಾವ ಭಾಗ ಕೆಟ್ಟಿದೆ ಅಂತ ಬರೆದಿದೆಯಲ್ಲ, ಆ ಪುಟವನ್ನು ನಾಲ್ಕು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಕೇಳುವುದು ಅದನ್ನೇ.

— ಸಂ.