ತಡವಾಗಿ ಮಲಗುವ ಮಗ ಸೋಮಾರಿಯೇ?

ಪಿಯುಸಿ ಓದುವ ಮಗ ರಾತ್ರಿ ಒಂದರವರೆಗೆ ಚುರುಕಾಗಿ ಲೆಕ್ಕ ಬಿಡಿಸುತ್ತಾನೆ, ಬೆಳಗ್ಗೆ ಐದಕ್ಕೆ ಎಬ್ಬಿಸಿದರೆ ಪುಸ್ತಕದ ಮೇಲೆಯೇ ತೂಕಡಿಸುತ್ತಾನೆ, ಇದು ಸೋಮಾರಿತನವೇ ಎಂದು ಕೇಳಿದ್ದೀರಿ. ಅಲ್ಲ ಮೇಡಂ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನ್ ಹೊತ್ತು ಮೀರಿ ಏರುತ್ತದೆ. ಕೆಲವರಲ್ಲಿ ವಂಶವಾಹಿಯೂ ಕಾರಣ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಬ್ರಾಹ್ಮೀ ಮುಹೂರ್ತದ ಓದೇ ತಲೆಗೆ ಹತ್ತುತ್ತದೆ ಎನ್ನುವ ನಿಮ್ಮ ಮಾವನವರ ಮಾತು ಅವರ ಮಟ್ಟಿಗೆ ನಿಜ. ವಯಸ್ಸಾದಂತೆ ಎಚ್ಚರವೂ ಬೇಗ ಆಗುತ್ತದೆ. (ನಮ್ಮ ಮನೆಯಲ್ಲೂ ನಾಲ್ಕೂವರೆಗೇ ಡಿಕಾಕ್ಷನ್ ಇಳಿಸಿ, ಏಳಕ್ಕೆ ಎದ್ದವರನ್ನು ಕುಂಭಕರ್ಣ ಎನ್ನುವವರಿದ್ದಾರೆ. ರಾತ್ರಿ ಎಂಟೂವರೆಗೆ ಟಿವಿ ಮುಂದೆ ಗೊರಕೆ ಹೊಡೆಯುವವರೂ ಅವರೇ.)

ಐದಕ್ಕೆ ಎಬ್ಬಿಸುವುದನ್ನು ಬಿಡಿ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಲಿ. ಗಡಿಯಾರವನ್ನು ದಾರಿಗೆ ತರುವುದು ಮುಖ್ಯವಾಗಿ ಅದೇ. ಸಂಜೆಯ ನಂತರ ಕಾಫಿ ಬೇಡ, ಹಾಸಿಗೆಗೆ ಮೊಬೈಲ್ ಬೇಡ. ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಬೇಗ ಮಾಡಿ. ಭಾನುವಾರ ಹನ್ನೊಂದರವರೆಗೆ ಮಲಗಿದರೆ ಗಳಿಸಿದ್ದೆಲ್ಲ ನೀರುಪಾಲು. ಬೆಳಗ್ಗೆ ಆರರ ಟ್ಯೂಷನ್ ಏನಾದರೂ ಇದ್ದರೆ, ಸಂಜೆಯ ತಂಡದಲ್ಲಿ ಜಾಗವಿದೆಯೇ ವಿಚಾರಿಸಿ.