ನಮ್ಮ ಹಳ್ಳಿಕಾರ್ ಎತ್ತಿನ ಫೋಟೊ ಹಾಕಿದ್ದೇನೆ. ಅದನ್ನು ಟ್ರೇಸ್ ಮಾಡಿ, ಲೇಸರ್‌ನವರಿಗೆ ಕೊಟ್ಟು ಹಿತ್ತಾಳೆ ಬೆಲ್ಟ್ ಬಕಲ್ ಮಾಡಿಸಬೇಕು. ತಾನಾಗಿಯೇ ಟ್ರೇಸ್ ಮಾಡುವ ಒಳ್ಳೆಯ ಸಾಫ್ಟ್‌ವೇರ್ ಯಾವುದು?

ನನ್ನದೂ ಇದೇ ಕಥೆ. ನಿಮ್ಮ ಫೋಟೊದಲ್ಲಿ ಹಳ್ಳಿಕಾರ್ ಎತ್ತು, ನನ್ನ ಫೋಟೊದಲ್ಲಿ ಗಂಡಭೇರುಂಡ. ಅಷ್ಟೇ ವ್ಯತ್ಯಾಸ.

ನಮ್ಮಪ್ಪ ಬಸ್ ಡ್ರೈವರ್. ರಿಟೈರ್ ಆಗುವ ದಿನ ಅವರಿಗೆ ಏನಾದರೂ ಕೊಡಬೇಕು ಅಂತ ತಲೆ ಕೆಡಿಸಿಕೊಂಡಿದ್ದೆ. ಆಗ ಕಣ್ಣಿಗೆ ಬಿದ್ದಿದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಅವರ ಬೆಲ್ಟು. ಬಕಲ್‌ನ ಹೊಳಪೆಲ್ಲ ಹೋಗಿ ಒಳಗಿನ ಕಪ್ಪು ಲೋಹ ಕಾಣುತ್ತಿತ್ತು. ಮುಳ್ಳು ಬಾಗಿತ್ತು. ಮೂರನೇ ತೂತು ಹಿಗ್ಗಿ ಹಿಗ್ಗಿ ಹುಣಸೆ ಬೀಜದಷ್ಟು ದೊಡ್ಡದಾಗಿತ್ತು. ಇದಕ್ಕೊಂದು ಹಿತ್ತಾಳೆ ಬಕಲ್ ಮಾಡಿಸೋಣ, ಅದರ ಮೇಲೆ ಗಂಡಭೇರುಂಡ ಇರಲಿ ಅಂದುಕೊಂಡೆ. ಗಂಡಭೇರುಂಡವೇ ಯಾಕೆ ಅಂದರೆ, ನಾವು ಸಾಗರದ ಕಡೆಯವರು. ಚಿಕ್ಕವನಿದ್ದಾಗ ಊರಿಗೆ ಹೋದರೆ ಅಪ್ಪ ಕೆಳದಿಯ ರಾಮೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಚಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ ಇದೆ. ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಅದೇ ಬೇಕಿತ್ತು ನನಗೆ, ಸರ್ಕಾರಿ ಕಾಗದದ ಮೇಲೆ ಇರುವುದಲ್ಲ.

ಕೆಳದಿಗೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬಂದೆ. ನಾನು ಬೆಂಗಳೂರಿನಲ್ಲಿ ಮನೆ ಪ್ಲ್ಯಾನ್ ಬರೆಯುವ ಕೆಲಸದಲ್ಲಿದ್ದೇನೆ. ದಿನವಿಡೀ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್ ಮುಂದೆಯೇ ಕೂತಿರುತ್ತೇನೆ. ಹಾಗಾಗಿ ಇದು ಎರಡು ಸಂಜೆಯ ಕೆಲಸ ಅನ್ನುವ ಧೈರ್ಯ ಇತ್ತು. ಇಮೇಜ್ ಅಟ್ಯಾಚ್ ಕೊಟ್ಟೆ, ಎಲ್ಲೋ ಒಂದು ಕಡೆ ಕ್ಲಿಕ್ ಮಾಡಿದೆ, ಚಿತ್ರ ಬಂದು ಕೂತಿತು. ಅದನ್ನು ಬೇರೆ ಲೇಯರ್‌ಗೆ ಹಾಕಿ ಲಾಕ್ ಮಾಡಿ, ಸ್ವಲ್ಪ ಮಂಕು ಮಾಡಿ, ಮೇಲೆ ಗೆರೆ ಎಳೆಯಲು ಶುರು ಮಾಡಿದೆ. ಇಲ್ಲಿಯವರೆಗೆ ಎಲ್ಲಾ ಸರಿ.

ಇಲ್ಲೇ ನನ್ನ ತಪ್ಪು ಆಗಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಯಾಕೆಂದರೆ ನೀವು ಕೇಳಿರುವ ರೀತಿ ನೋಡಿದರೆ ನೀವೂ ಅಲ್ಲಿಗೇ ಹೊರಟಿದ್ದೀರಿ.

ಚಿತ್ರವನ್ನು ಯಾವ ಅಳತೆಗೂ ಕೂರಿಸದೆ ಟ್ರೇಸ್ ಮಾಡಿಬಿಟ್ಟೆ. ಬಂದು ಕೂತಾಗ ಅದು ಸುಮಾರು 600 ಮಿಲಿಮೀಟರ್ ಅಗಲ ಇತ್ತು. ನಾನು ಅದರ ಕಡೆ ಗಮನವನ್ನೇ ಕೊಡಲಿಲ್ಲ. ಕೊನೆಯಲ್ಲಿ ಸ್ಕೇಲ್ ಮಾಡಿದರಾಯಿತು ಅಂದುಕೊಂಡೆ. ಮನೆ ಪ್ಲ್ಯಾನಿನಲ್ಲಿ ನಾವು ಮಾಡುವುದೇ ಹಾಗೆ. 30×40 ಸೈಟನ್ನು ಪೂರ್ತಿ ಅಳತೆಗೆ ಬರೆಯುತ್ತೇವೆ, ಪ್ರಿಂಟ್ ತೆಗೆಯುವಾಗ ನೂರು ಪಾಲು ಚಿಕ್ಕದು ಮಾಡುತ್ತೇವೆ. ಬಾಗಿಲಿನ ಸಣ್ಣ ಗೆರೆ ಕೂಡ ಕಾಗದದ ಮೇಲೆ ಚೊಕ್ಕವಾಗಿ ಕಾಣುತ್ತದೆ. ಕಾಗದ ಎಷ್ಟು ಸಣ್ಣ ಗೆರೆಯನ್ನಾದರೂ ತಡೆದುಕೊಳ್ಳುತ್ತದೆ. ಹಿತ್ತಾಳೆ ತಡೆದುಕೊಳ್ಳುವುದಿಲ್ಲ.

ಇದರ ಜೊತೆಗೆ ಝೂಮ್ ಬೇರೆ. ಮೌಸಿನ ಚಕ್ರ ತಿರುಗಿಸಿದರೆ ಒಂದೊಂದು ಗರಿಯೂ ತೆಂಗಿನ ಗರಿಯಷ್ಟು ದೊಡ್ಡದಾಗಿ ಕಾಣುತ್ತದೆ. ಅದರೊಳಗೆ ನಡುನಾಳ, ಅದರ ಆಚೆ ಈಚೆ ಎಳೆ, ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆ. ಎಲ್ಲವನ್ನೂ ಬರೆದೆ. ಒಂಬತ್ತು ಸಂಜೆ ಹಿಡಿಯಿತು. ಆಮೇಲೆ ಎ3 ಹಾಳೆ ತುಂಬುವಂತೆ ಪ್ರಿಂಟ್ ತೆಗೆದು ಮನೆಯಲ್ಲಿ ತೋರಿಸಿದೆ. ನನ್ನ ಹೆಂಡತಿ ಅದನ್ನು ಫ್ರೇಮ್ ಹಾಕಿಸೋಣ ಅಂದಳು. ಬಕಲ್ ಎಷ್ಟು ದೊಡ್ಡದಿರುತ್ತದೋ ಅಷ್ಟೇ ಅಳತೆಗೆ ಒಂದೇ ಒಂದು ಪ್ರಿಂಟ್ ತೆಗೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ತೆಗೆಯಲಿಲ್ಲ.

ಬಕಲ್ ಮೊಟ್ಟೆಯಾಕಾರ, 75 ಮಿಲಿಮೀಟರ್ ಅಗಲ, 55 ಎತ್ತರ. 600 ಇದ್ದದ್ದನ್ನು 75ಕ್ಕೆ ಇಳಿಸಿದೆ, ಅಂದರೆ ಎಂಟರಲ್ಲಿ ಒಂದು ಪಾಲು. ಬರೆಯುವಾಗ ಗರಿ ಗರಿಯ ನಡುವೆ 3 ಮಿಲಿಮೀಟರ್ ಸಂದು ಬಿಟ್ಟಿದ್ದೆ. ಅದು 0.375 ಆಯಿತು. ಪೀಣ್ಯದ ವರ್ಕ್‌ಶಾಪಿನಲ್ಲಿ ಕೆತ್ತನೆಗೆ ಹಾಕುತ್ತಿದ್ದ ಕಟ್ಟರ್, ಅಂದರೆ ತಿರುಗುತ್ತಾ ಲೋಹ ಕೊರೆಯುವ ಕಡ್ಡಿ, 1 ಮಿಲಿಮೀಟರ್ ದಪ್ಪ. ಒಂದು ಮಿಲಿಮೀಟರ್ ಕಟ್ಟರ್ 0.375 ಸಂದಿನೊಳಗೆ ಹೇಗೆ ಇಳಿಯುತ್ತದೆ ಹೇಳಿ? ಇಳಿಯುವುದಿಲ್ಲ. ಮಷಿನ್ನಿನ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್ ಎಷ್ಟೋ ಸಲ ಅಂಥ ಜಾಗವನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಬೈಯುವುದಿಲ್ಲ, ಎಚ್ಚರಿಸುವುದಿಲ್ಲ.

ಪೀಸ್ ಕೈಗೆ ಬಂದಿದ್ದು 27ನೇ ತಾರೀಕು. ಅಪ್ಪನ ಬೀಳ್ಕೊಡುಗೆ 31ಕ್ಕೆ. ಕಾಗದದ ಪೊಟ್ಟಣ ಬಿಚ್ಚಿ ನೋಡಿದೆ. ಎರಡು ತಲೆ ಇತ್ತು, ಎರಡು ಕಾಲು ಇತ್ತು. ರೆಕ್ಕೆ ಇರಬೇಕಾದ ಜಾಗದಲ್ಲಿ ನುಣ್ಣನೆಯ ಎರಡು ಹಿತ್ತಾಳೆ ಗುಡ್ಡೆ, ಅಷ್ಟೇ. ಒಂದು ಗರಿಯೂ ಇಲ್ಲ. ಕುತ್ತಿಗೆಯ ತಿರುವಿನಲ್ಲಿ ಬೆರಳಾಡಿಸಿದರೆ ಸಣ್ಣ ಸಣ್ಣ ಮೂಲೆಗಳು ತಾಗುತ್ತಿದ್ದವು. ನಾನು ಸ್ಪ್ಲೈನ್‌ನಲ್ಲಿ, ಅಂದರೆ ಹೇಗೆ ಬೇಕಾದರೂ ಬಳುಕುವ ಗೆರೆಯಲ್ಲಿ ಬರೆದಿದ್ದೆ, ಫೈಲ್ ಬದಲಾಯಿಸುವಾಗ ಅದು ನೂರಾರು ತುಂಡು ಗೆರೆಗಳಾಗಿ ಒಡೆದಿತ್ತು. ಮಷಿನ್ ಅಣ್ಣನನ್ನು ಕೇಳಿದರೆ, "ಸಾರ್, ಕಟ್ಟರ್ ಹೋಗೋ ಜಾಗಕ್ಕೆ ತಾನೆ ಹೋಗೋದು" ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಡ್ರಾಯಿಂಗ್ ಕೊಟ್ಟವನು ನಾನು.

ನಾಲ್ಕು ದಿನದಲ್ಲಿ ಮತ್ತೆ ಮಾಡಿಸಲು ಆಗಲಿಲ್ಲ. 31ರಂದು ಡಿಪೋದಲ್ಲಿ ಅಪ್ಪನಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಸೊಂಟದಲ್ಲಿ ಅದೇ ಬಾಗಿದ ಮುಳ್ಳಿನ ಹಳೇ ಬಕಲ್. ಅವತ್ತಿನ ಫೋಟೊ ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ದುಡ್ಡು ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ. ಆ ದಿನ ತಿರುಗಿ ಬರುವುದಿಲ್ಲ.

ಎರಡನೇ ಸಲ ಕೆಲಸವನ್ನೇ ತಲೆಕೆಳಗು ಮಾಡಿದೆ. ಮೊದಲು ಬಕಲ್, ಆಮೇಲೆ ಚಿತ್ರ. ಖಾಲಿ ಡ್ರಾಯಿಂಗಿನಲ್ಲಿ ಯೂನಿಟ್ ಮಿಲಿಮೀಟರ್‌ಗೆ ಇಟ್ಟು 75×55ರ ಅಂಚು ಬರೆದೆ. ಅಂಚಿನಿಂದ 3 ಮಿಲಿಮೀಟರ್ ಒಳಗೆ ಆಫ್‌ಸೆಟ್ ಕೊಟ್ಟು ಇನ್ನೊಂದು ಗೆರೆ, ಚಿತ್ರ ಇದರ ಹೊರಗೆ ಹೋಗಬಾರದು ಅಂತ. ಆಮೇಲೆ ಫೋಟೊ ತಂದು, ಸ್ಕೇಲ್ ಕಮ್ಯಾಂಡಿನಲ್ಲಿ ರೆಫರೆನ್ಸ್ ಆರಿಸಿ, ರೆಕ್ಕೆಯ ಈ ತುದಿ ಆ ತುದಿ ಕ್ಲಿಕ್ ಮಾಡಿ 66 ಅಂತ ಟೈಪ್ ಮಾಡಿದೆ. ಈಗ ಪರದೆಯ ಮೇಲಿನ ಒಂದು ಮಿಲಿಮೀಟರ್ ಅಂದರೆ ಹಿತ್ತಾಳೆಯ ಒಂದು ಮಿಲಿಮೀಟರ್. ಇಷ್ಟಾದ ಮೇಲೆಯೇ ಮೊದಲ ಗೆರೆ ಎಳೆದಿದ್ದು.

ಇನ್ನೊಂದು ಉಪಾಯ ಆಗ ಹೊಳೆಯಿತು. ಈಗ ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ. 1.2 ಮಿಲಿಮೀಟರ್ ವ್ಯಾಸದ ಒಂದು ವೃತ್ತ ಬರೆದುಕೊಳ್ಳಿ, ಅದಕ್ಕೆ ಕೆಂಪು ಬಣ್ಣ ಕೊಡಿ. ಅದೇ ನಿಮ್ಮ ಕಟ್ಟರ್, ಸ್ವಲ್ಪ ಜಾಗವನ್ನೂ ಸೇರಿಸಿ. ಗೆರೆ ಎಳೆದಾಗಲೆಲ್ಲ ಆ ವೃತ್ತವನ್ನು ಕಾಪಿ ಮಾಡಿ ಸಂದಿನಲ್ಲಿ ಇಟ್ಟು ನೋಡಿ. ವೃತ್ತ ಹಿಡಿಸಿದರೆ ಸರಿ, ಹಿಡಿಸದಿದ್ದರೆ ಆ ವಿವರವನ್ನು ಅಳಿಸಿ. ಮರುಕ ಬೇಡ. ನನ್ನ ಗಂಡಭೇರುಂಡಕ್ಕೆ ಮೊದಲು ಒಂದೊಂದು ರೆಕ್ಕೆಗೆ 22 ಗರಿ ಇತ್ತು, ಕೊನೆಗೆ ಉಳಿದದ್ದು 7. ನಡುನಾಳ ಹೋಯಿತು, ಮೂಗಿನ ಹೊಳ್ಳೆ ಹೋಯಿತು. ಆದರೆ ಬಕಲ್ ಕೈಯಲ್ಲಿ ಹಿಡಿದರೆ ಅದು ರೆಕ್ಕೆ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಒಳಮೂಲೆಗಳ ವಿಷಯವೂ ಹೀಗೇ. ದುಂಡನೆಯ ಕಟ್ಟರ್ ಒಳಮೂಲೆಯನ್ನು ಚೂಪಾಗಿ ಬಿಡಿಸಲಾರದು. ಅದಕ್ಕೆ ನಾನೇ ಎಲ್ಲಾ ಒಳಮೂಲೆಗೂ ಫಿಲೆಟ್ ಕೊಟ್ಟು ದುಂಡಗೆ ಮಾಡಿದೆ. ಯಾವ ಮೂಲೆ ಎಷ್ಟು ದುಂಡಗಿರಬೇಕು ಅನ್ನೋದನ್ನು ಮಷಿನ್ ತೀರ್ಮಾನಿಸಬಾರದು, ನೀವು ತೀರ್ಮಾನಿಸಬೇಕು.

ಸ್ಪ್ಲೈನ್ ಪೂರ್ತಿ ಬಿಟ್ಟೆ. ಪಾಲಿಲೈನ್‌ನಲ್ಲಿ (ತುಂಡುಗಳು ಸೇರಿ ಆಗುವ ಒಂದೇ ಗೆರೆ) ಆರ್ಕ್, ಅಂದರೆ ವೃತ್ತದ ತುಂಡು ಇಟ್ಟುಕೊಂಡು, ಒಂದು ತಿರುವಿಗೆ ಎರಡೋ ಮೂರೋ ಆರ್ಕ್, ಒಂದಕ್ಕೊಂದು ನುಣುಪಾಗಿ ಸೇರುವ ಹಾಗೆ. ಚಾವಣಿಯ ಕೆಳಗೆ ಓರೆಯಾಗಿ ನಿಂತು ತೆಗೆದ ಫೋಟೊ ಆದ್ದರಿಂದ ಒಂದು ರೆಕ್ಕೆ ದೊಡ್ಡದು, ಒಂದು ಚಿಕ್ಕದು ಕಾಣುತ್ತಿತ್ತು. ಹಾಗಾಗಿ ಅರ್ಧ ಮಾತ್ರ ಬರೆದು, ಇನ್ನರ್ಧಕ್ಕೆ ಅದನ್ನೇ ಮಿರರ್ ಮಾಡಿದೆ. ಎಲ್ಲವೂ ಎರಡೇ ಸಂಜೆಯಲ್ಲಿ ಮುಗಿಯಿತು. ಪ್ರಿಂಟರ್‌ನಲ್ಲಿ ಹಾಳೆಗೆ ಹೊಂದಿಸುವ ಆಯ್ಕೆ ತೆಗೆದು, ಬಕಲ್ ಇರುವಷ್ಟೇ ಅಳತೆಗೆ ಪ್ರಿಂಟ್ ತೆಗೆದು, ಕತ್ತರಿಸಿ, ರಟ್ಟಿಗೆ ಅಂಟಿಸಿ, ಸೊಂಟಕ್ಕೆ ಹಿಡಿದು ಕನ್ನಡಿ ಮುಂದೆ ನಿಂತೆ. ಕುರ್ಚಿಯಲ್ಲಿ ಕೂತೂ ನೋಡಿದೆ. ಕೆಳಗಿನ ಅಂಚು ಹೊಟ್ಟೆಗೆ ಒತ್ತುತ್ತಿತ್ತು. ಅದಕ್ಕೇ ಬಕಲ್‌ನ ಹಿತ್ತಾಳೆ ತಟ್ಟೆಯನ್ನು ತುಸು ಬಾಗಿಸಿ, ಹಿಂಬದಿಯ ಅಂಚನ್ನೆಲ್ಲ ಅರದಿಂದ ಉಜ್ಜಿ ದುಂಡಗೆ ಮಾಡಿಸಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಾನಾಗಿಯೇ ಟ್ರೇಸ್ ಮಾಡುವ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಯಾವುದೂ ಬೇಡ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಆ ಸೌಲಭ್ಯ ಇದೆ, ಪುಕ್ಕಟೆ ಸಿಗುತ್ತದೆ, ಮಾಡಿ ನೋಡಬಹುದು. ಆದರೆ ಅದಕ್ಕೆ ಎತ್ತು ಯಾವುದು, ನೆರಳು ಯಾವುದು ಗೊತ್ತಿಲ್ಲ. ಬೆಳಕು ಮುಗಿದು ಕತ್ತಲು ಶುರುವಾಗುವ ಕಡೆಯೆಲ್ಲ ಗೆರೆ ಎಳೆಯುತ್ತದೆ. ಎತ್ತಿನ ಕೆನ್ನೆಯ ನೆರಳೂ ಗೆರೆ, ಮೂಗುದಾರವೂ ಗೆರೆ, ಹಿಂದಿನ ಹುಲ್ಲಿನ ಬಣವೆಯೂ ಗೆರೆ. ನೀವು ಪೆನ್ನಿನಲ್ಲಿ ಬರೆದ ಚಿತ್ರ ಕೊಟ್ಟರೂ ಸಾಮಾನ್ಯವಾಗಿ ಪೆನ್ನಿನ ಒಂದು ಗೆರೆಗೆ ಆಚೆ ಒಂದು ಈಚೆ ಒಂದು ಅಂತ ಎರಡು ಗೆರೆ ಬರುತ್ತದೆ. ಅದನ್ನೆಲ್ಲ ಅಳಿಸುತ್ತಾ ಕೂರುವಷ್ಟರಲ್ಲಿ ನೀವೇ ಎರಡು ಸಲ ಬರೆದು ಮುಗಿಸಿರುತ್ತೀರಿ. ನನ್ನ ಪ್ರಕಾರ ನೀವು ಮಾಡಬೇಕಾದ್ದು ಟ್ರೇಸ್ ಅಲ್ಲವೇ ಅಲ್ಲ. ಫೋಟೊ ಕೆಳಗಿರಲಿ, ಅದರ ಮೇಲೆ ಒಂದು ಎತ್ತನ್ನು ಹೊಸದಾಗಿ ಬರೆಯಿರಿ. ಆಟೋಕ್ಯಾಡ್ ಇಲ್ಲದಿದ್ದರೆ ಅದೇ ಥರದ ಪುಕ್ಕಟೆ ಸಾಫ್ಟ್‌ವೇರ್ ಲಿಬ್ರೆಕ್ಯಾಡ್ ಸಾಕು.

ಹಳ್ಳಿಕಾರ್ ಅಂದರೆ ಕೊಂಬೇ ಅಲ್ವಾ. ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ಉದ್ದಕ್ಕೆ ಬೆಳೆದು ತುದಿ ಚೂಪಾಗುತ್ತದೆ. ಫೋಟೊದಲ್ಲಿ ಇರುವ ಹಾಗೇ ಬರೆದರೆ 75 ಮಿಲಿಮೀಟರ್ ಬಕಲ್‌ನಲ್ಲಿ ಆ ತುದಿ ಸೂಜಿಯಾಗುತ್ತದೆ. ಅಂಚಿನಿಂದ ಹೊರಗೆ ಚಾಚಿದರೆ ಅಂಗಿ ಹರಿಯುತ್ತದೆ, ಇಲ್ಲವೇ ಎಲ್ಲಾದರೂ ತಾಗಿ ಮುರಿಯುತ್ತದೆ. ಕೊಂಬನ್ನು ಅಂಚಿನ ಒಳಗೇ ಇಡಿ. ತುದಿಯನ್ನು ಒಂದೂವರೆ ಮಿಲಿಮೀಟರ್‌ಗಿಂತ ಸಣ್ಣ ಮಾಡಬೇಡಿ. ಎರಡು ಕೊಂಬಿನ ಬುಡದ ನಡುವಿನ ಸಂದನ್ನು ಬೇಕೆಂದೇ ಸ್ವಲ್ಪ ಜಾಸ್ತಿ ಮಾಡಿ, ಇಲ್ಲದಿದ್ದರೆ ನನ್ನ ರೆಕ್ಕೆಗೆ ಆದದ್ದೇ ಅಲ್ಲೂ ಆಗುತ್ತದೆ.

ಲೇಸರ್‌ನವರಿಗೆ ಕೊಡುತ್ತೇನೆ ಅಂತಲೂ ಬರೆದಿದ್ದೀರಿ. ಯಾವ ಲೇಸರ್ ಅಂತ ಮೊದಲು ಕೇಳಿ. ಅಕ್ರಿಲಿಕ್, ಮರ ಕತ್ತರಿಸುವ ಸಿಒ2 ಲೇಸರ್ ಹಿತ್ತಾಳೆಗೆ ಆಗಿಬರುವುದಿಲ್ಲ, ಫೈಬರ್ ಲೇಸರ್ ಬೇಕು. ಲೇಸರ್‌ನಲ್ಲಿ ಕತ್ತರಿಸಿದರೆ ಅದು ಆರಪಾರ ಕತ್ತರಿಸುತ್ತದೆ ಅನ್ನೋದೂ ನೆನಪಿರಲಿ. ಕಣ್ಣಿಗೆ ಒಂದು ದುಂಡು, ಅದರೊಳಗೆ ಗುಡ್ಡೆಗೆ ಇನ್ನೊಂದು ದುಂಡು ಬರೆದರೆ ಗುಡ್ಡೆ ಕಳಚಿ ಬಿದ್ದುಹೋಗುತ್ತದೆ. ಅದನ್ನು ಹಿಡಿದಿಡಲು ಒಂದು ಸೇತುವೆ ಬಿಡಬೇಕು. ನನ್ನ ಹಾಗೆ 4 ಮಿಲಿಮೀಟರ್ ತಟ್ಟೆಯಲ್ಲಿ 1 ಮಿಲಿಮೀಟರ್ ಆಳಕ್ಕೆ ಕೆತ್ತಿಸುವುದಾದರೆ ಈ ತೊಂದರೆ ಇಲ್ಲ. ತೂಕ ಮಾತ್ರ ನೂರು ಗ್ರಾಂ ಆಸುಪಾಸು ಬರುತ್ತದೆ. ಎತ್ತಿಗೆ ಕೆತ್ತನೆಯೇ ಚೆಂದ ಅಂತ ನನಗನ್ನಿಸುತ್ತದೆ. ಆರಪಾರ ಕತ್ತರಿಸಿದ ಎತ್ತು ಅಂಗಡಿಯ ಬೋರ್ಡಿನ ಹಾಗೆ ಕಾಣುತ್ತದೆ.

ಹಿಂಬದಿ ಮರೆಯಬೇಡಿ. ಬೆಲ್ಟಿನ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ನಮ್ಮಪ್ಪನದು 38 ಮಿಲಿಮೀಟರ್ ಇತ್ತು, ಅದಕ್ಕೆ ಬೆಲ್ಟ್ ಸೇರಿಸುವ ಹಿಂಬದಿಯ ಕುಣಿಕೆಯ ಒಳ ಅಗಲ 40. ಕುಣಿಕೆ, ಬೆಲ್ಟಿನ ತೂತಿಗೆ ಸಿಕ್ಕಿಸುವ ಕೊಕ್ಕೆ ಎರಡನ್ನೂ ಬೆಸುಗೆ ಹಾಕಿಸಿ, ಆಮೇಲೆ ಬಫಿಂಗ್, ಅಂದರೆ ಹೊಳಪು ಬರುವ ಹಾಗೆ ಉಜ್ಜುವ ಕೆಲಸ ಮಾಡಿಸಿ. ಮೊದಲೇ ಬಫಿಂಗ್ ಮಾಡಿಸಿದರೆ ಬೆಸುಗೆಯ ಕಾವಿಗೆ ಹಿತ್ತಾಳೆ ಕಪ್ಪಾಗಿ ಆ ಹೊಳಪೆಲ್ಲ ಹಾಳಾಗುತ್ತದೆ. ವರ್ಕ್‌ಶಾಪಿಗೆ ಡ್ರಾಯಿಂಗಿನ ಡಿಎಕ್ಸ್‌ಎಫ್ ಫೈಲಿನ ಜೊತೆ ಅಳತೆ ಬರೆದ ಒಂದು ಪ್ರಿಂಟನ್ನೂ ಕೊಡಿ. ಇಂಚು ಮಿಲಿಮೀಟರ್ ಅದಲು ಬದಲಾದರೆ ಅದು 25.4 ಪಟ್ಟು ಹೆಚ್ಚು ಕಮ್ಮಿಯಾಗುತ್ತದೆ, ಪ್ರಿಂಟ್ ಕೈಯಲ್ಲಿದ್ದರೆ ಅವರೇ ಹಿಡಿಯುತ್ತಾರೆ.

ಅಪ್ಪನಿಗೆ ಬಕಲ್ ಕೊಟ್ಟಿದ್ದು ರಿಟೈರ್ ಆಗಿ ಎರಡು ತಿಂಗಳಾದ ಮೇಲೆ. ಏನೂ ಮಾತಾಡಲಿಲ್ಲ. ಹೆಬ್ಬೆರಳಿನಿಂದ ಗರಿಗಳನ್ನು ಒಂದೊಂದಾಗಿ ಸವರಿ, "ಕೆಳದೀದು" ಅಂದರು. ಈಗ ಸಂದುಗಳಲ್ಲೆಲ್ಲ ಕಪ್ಪು ಕೂತಿದೆ, ಗರಿಗಳ ಮೇಲ್ಭಾಗ ಮಾತ್ರ ಅವರ ಕೈ ತಾಗಿ ತಾಗಿ ಬಂಗಾರದ ಹಾಗಿದೆ. ಪಾಲಿಶ್ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾರೆ.

ನೀವು ಹಾಕಿರುವ ಫೋಟೊ ನಿಂತುಕೊಂಡು ಮೇಲಿನಿಂದ ತೆಗೆದದ್ದು, ಹಣೆ ದೊಡ್ಡದಾಗಿ ಮೂತಿ ಚಿಕ್ಕದಾಗಿದೆ. ಇನ್ನೊಂದು ತೆಗೆಯಿರಿ. ಎತ್ತಿನ ಕಣ್ಣಿನ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತು, ಸ್ವಲ್ಪ ದೂರದಿಂದ, ಪಕ್ಕದಿಂದ. ಬೆಳಿಗ್ಗೆ ಮೇವು ಹಾಕುವ ಮುಂಚೆ ಹೋಗಿ. ಯಾರಾದರೂ ಹುಲ್ಲಿನ ಕಂತೆ ಹಿಡಿದು ಎದುರಿಗೆ ನಿಂತರೆ ತಲೆ ಎತ್ತಿ, ಕಿವಿ ನಿಗುರಿಸಿ ನೋಡುತ್ತದೆ. ಆಗ ಕ್ಲಿಕ್ ಮಾಡಿ.